ಎಲ್ಲಿಂದಲೋ ಬಂದ ನೂರಿಪ್ಪತ್ತೇಳು

ಕಳೆದ ವಾರ ಯಾದಗಿರಿಯಲ್ಲಿ ದೂರದ ಸಂಬಂಧಿಕರ ಮದುವೆಯಲ್ಲಿ ನಾನೊಂದು ಅಧಿಕಪ್ರಸಂಗ ಮಾಡಿದೆ. ತಾಳಿ ಕಟ್ಟಿ ಆಗಿತ್ತು. ಅಕ್ಕಿ ಹರಡಿದ ತಟ್ಟೆ ಬಂತು. ನಮ್ಮ ಕಡೆ ಕೆಲವು ಮನೆಗಳಲ್ಲಿ ಈ ಪದ್ಧತಿ ಇನ್ನೂ ಇದೆ. ಮದುಮಗ ಉಂಗುರದಿಂದ ಆ ಅಕ್ಕಿಯಲ್ಲಿ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ, ಅಂದಿನಿಂದ ಗಂಡನ ಮನೆಯಲ್ಲಿ ಆಕೆಗೆ ಅದೇ ಹೆಸರು. ಹುಡುಗ ಇನ್ನೇನು ಉಂಗುರವನ್ನು ಅಕ್ಕಿಗೆ ತಾಗಿಸಬೇಕು, ನಾನು ಹೋಗಿ ತಟ್ಟೆಗೆ ಅಡ್ಡ ನಿಂತು "ತಡೀರಿ!" ಅಂದುಬಿಟ್ಟೆ. ಪೆಂಡಾಲಿನಲ್ಲಿದ್ದವರೆಲ್ಲ ಗಪ್ಪಾದರು. ಬೀಗರ ಕಡೆಯ ಹೆಂಗಸೊಬ್ಬರು "ಯಾರ್ರೀ ಈಕಿ, ತಲಿ ಸರಿ ಅದನೋ ಇಲ್ಲೋ?" ಎಂದದ್ದು ನನಗೆ ಸರಿಯಾಗಿಯೇ ಕೇಳಿಸಿತು. ಕ್ಯಾಮೆರಾ ಹಿಡಿದು ನಿಂತಿದ್ದ ನಮ್ಮನೆಯವರು ಮಾತ್ರ ನಕ್ಕರು. ಅವರಿಗೆ ಕಾರಣ ಗೊತ್ತಿತ್ತು. ಉಳಿದವರಿಗೆ ಹೇಳಬೇಕೆಂದರೆ ಶಹಾಪುರದ ಒಂದು ಮಳೆಗಾಲದ ಕಥೆಯನ್ನೇ ಹೇಳಬೇಕು.

ನಾನು ರಾಮಸಮುದ್ರದ ಹುಡುಗಿ. ಅಪ್ಪ ಅವ್ವ ಇಟ್ಟ ಹೆಸರು ರೇಣುಕಾ. ಯಾದಗಿರಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಿ, ಅಲ್ಲಿಯೇ ಮೂರು ವರ್ಷ ಒಂದು ಟ್ರೇನಿಂಗ್ ಕ್ಲಾಸಿನಲ್ಲಿ ಕಲಿಸಿ, ಕೂಡಿಟ್ಟದ್ದರಲ್ಲಿ ಒಂದೊಂದೇ ಭಾಗ ತಂದು ನಾನೇ ಒಂದು ಕಂಪ್ಯೂಟರ್ ಕಟ್ಟಿದ್ದೆ. ಅದನ್ನು ನಡೆಸುವ ತಂತ್ರಾಂಶವಾಗಿ ಲಿನಕ್ಸ್ ಹಾಕಿದ್ದೆ. ಲಿನಕ್ಸಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ಹೆಸರು ಕೊಡಬೇಕು. ನಾನು ಹಿಂದೆಮುಂದೆ ನೋಡದೆ ನನ್ನ ಊರಿನ ಹೆಸರನ್ನೇ ಕೊಟ್ಟೆ. ಹಾಗಾಗಿ ಆ ಯಂತ್ರದ ಹೆಸರು ರಾಮಸಮುದ್ರ. ಮದುವೆಯಾಗಿ ಉಳಿದ ಹುಡುಗಿಯರು ಕಪಾಟು ಮಂಚ ತೆಗೆದುಕೊಂಡು ಹೋದರೆ ನಾನು ಇದನ್ನು ಟೆಂಪೊದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಶಹಾಪುರಕ್ಕೆ ಬಂದೆ. ಅಕ್ಕಿಯಲ್ಲಿ ನನಗೆ ಬರೆದ ಹೆಸರು ಅನ್ನಪೂರ್ಣಾ. ಒಳ್ಳೆಯ ಹೆಸರೇ. ಆದರೆ ಮೊದಲ ಮೂರು ತಿಂಗಳು ಅತ್ತೆ "ಅನ್ನಪೂರ್ಣಾ, ಏ ಅನ್ನಪೂರ್ಣಾ" ಎಂದು ಅಡುಗೆಮನೆಯಿಂದ ಕೂಗಿದರೆ ನಾನು ಯಾರನ್ನೋ ಕರೆಯುತ್ತಿದ್ದಾರೆ ಎಂದು ಸುಮ್ಮನೆ ಕೂತಿರುತ್ತಿದ್ದೆ. ಸೊಸೆಗೆ ಕಿವಿ ಮಂದ ಎಂದು ಓಣಿಯಲ್ಲಿ ಸುದ್ದಿಯೂ ಆಯಿತು.

ನಮ್ಮನೆಯವರದು ಫೋಟೊ ಸ್ಟುಡಿಯೊ. ಶಹಾಪುರದಿಂದ ಸುರಪುರದವರೆಗೆ ಹಳ್ಳಿಹಳ್ಳಿಯ ಮದುವೆಗಳ ಫೋಟೊ, ವಿಡಿಯೊ ಹಿಡಿಯುತ್ತಿದ್ದರು. ಹಿಡಿದದ್ದನ್ನು ಇಡುತ್ತಿದ್ದ ರೀತಿ ನೋಡಿ ನನಗೆ ಗಾಬರಿ. ನಾಲ್ಕಾರು ಹಳೆಯ ಡಿಸ್ಕುಗಳು, ಒಂದು ಬಿಸ್ಕಿಟಿನ ಡಬ್ಬಿಯಲ್ಲಿ. ಹೊಸ ಸೊಸೆಯ ಹುರುಪಿನಲ್ಲಿ ನಾನು ಭಾಷಣ ಮಾಡಿದೆ. ನನ್ನ ಯಂತ್ರದಲ್ಲಿ ಎರಡು ದೊಡ್ಡ ಡಿಸ್ಕುಗಳಿವೆ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿಯೂ ಬೀಳುತ್ತದೆ, ಲಿನಕ್ಸ್ ಎರಡನ್ನೂ ಜೋಡಿಸಿ ಒಂದೇ ಡಿಸ್ಕಿನಂತೆ ತೋರಿಸುತ್ತದೆ, ಒಂದು ಸತ್ತರೂ ಇನ್ನೊಂದು ಇರುತ್ತದೆ. ಈ ಜೋಡಿಗೆ ರೇಡ್ ಎನ್ನುತ್ತಾರೆ, ನನ್ನ ಯಂತ್ರದಲ್ಲಿ ಅದು ಕಾಣಿಸುವುದು ಎಂಡಿ ಸೊನ್ನೆ ಎಂದು. ಅವರು ಬಾಯಿ ತೆರೆದು ಕೇಳಿದರು, ನಂಬಿದರು. ಡಬ್ಬಿಯಲ್ಲಿದ್ದ ಮದುವೆಗಳೆಲ್ಲ ನನ್ನ ಯಂತ್ರಕ್ಕೆ ಬಂದವು. ಹಳೆಯ ಡಿಸ್ಕುಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಹಾಕಿಕೊಂಡೆವು. ಅಳಿಸಲು ಹೇಳಿದವಳು ನಾನೇ.

ಶ್ರಾವಣದ ಮೊದಲ ಶುಕ್ರವಾರ ಯಂತ್ರವನ್ನು ಮನೆಯಿಂದ ಅಂಗಡಿಗೆ ತಂದೆವು. ಅದನ್ನು ಚಾಲೂ ಮಾಡಿ, ವಿಭೂತಿ ಹಚ್ಚಿ, ಹೂವು ಏರಿಸಿ, ಕಾಯಿ ಒಡೆದದ್ದಾಯಿತು. ಅತ್ತೆಯ ಕಣ್ಣು ಪರದೆಯ ಮೂಲೆಯ ಅಕ್ಷರಗಳ ಮೇಲೆ ಬಿತ್ತು.

"ಅದೇನ ಬರದದ?"

"ರಾಮಸಮುದ್ರ ಅಂತ. ಯಂತ್ರದ ಹೆಸರ್ರಿ ಅತ್ತಿ."

"ಅಯ್ಯ, ಸೊಸಿಗೇ ಹೆಸರ ಬದಲಿ ಮಾಡೀವಿ. ಸೊಸಿ ತಂದಿದ್ದಕ್ಕ ಇನ್ನೂ ತವರಮನಿ ಹೆಸರೇನು? ಲಕ್ಷ್ಮಿ ಅಂತ ಇಡು."

ನಮ್ಮನೆಯವರು ಹುಡುಗಾಟಿಕೆಗೆ ಮನೆಯಿಂದ ತಟ್ಟೆಯನ್ನೂ ತಂದರು. ಅಕ್ಕಿ ಹರಡಿ, ಉಂಗುರದಿಂದ ಲಕ್ಷ್ಮಿ ಎಂದು ಬರೆದು, ಕಂಪ್ಯೂಟರಿನ ಮುಂದೆ ಹಿಡಿದರು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಾನು ಒಂದು ಸಾಲು ಟೈಪ್ ಮಾಡಿ ಯಂತ್ರದ ಹೆಸರನ್ನು ಬದಲಿಸಿದೆ. ಏನೂ ಆಗಲಿಲ್ಲ. ಯಂತ್ರ ಅಂದೂ ನಡೆಯಿತು, ಮರುದಿನವೂ ನಡೆಯಿತು. ಕರೆಂಟ್ ಹೋದಾಗಲೆಲ್ಲ ಬ್ಯಾಟರಿ ಹಿಡಿದುಕೊಳ್ಳುತ್ತಿತ್ತು, ಹಾಗಾಗಿ ಅದನ್ನು ಬಂದ್ ಮಾಡುವ ಪ್ರಸಂಗವೇ ಬರಲಿಲ್ಲ. ನಾನಂತೂ ಆ ಸಂಗತಿಯನ್ನು ಮರೆತೇಬಿಟ್ಟೆ.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಎರೆಮಣ್ಣು ಚಪ್ಪಲಿಗೆ ಮೆತ್ತಿ ಅಂಗಡಿಯ ಮೆಟ್ಟಿಲವರೆಗೂ ಬರುತ್ತಿತ್ತು. ಊರ ಹಿಂದಿನ ಗುಡ್ಡ ದಿನಗಟ್ಟಲೆ ಮೋಡದಲ್ಲಿಯೇ ಇರುತ್ತಿತ್ತು. ಹತ್ತಿಯ ಹೊಲಗಳಲ್ಲಿ ನೀರು ನಿಂತಿತ್ತು. ಗಣಪತಿ ಕೂಡಿಸಿದ ಎರಡನೆಯ ದಿನ, ಮಂಗಳವಾರ, ಸಿಡಿಲು ಹೊಡೆದು ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಢಮ್ ಎಂದಿತು. ಬ್ಯಾಟರಿ ಸಂಜೆಯವರೆಗೆ ಚೀರಿ ಚೀರಿ ಸುಮ್ಮನಾಯಿತು. ಯಂತ್ರವೂ ಆರಿತು.

ಬುಧವಾರ ಕರೆಂಟಿಲ್ಲದ ಕತ್ತಲಲ್ಲೇ ಅಂಗಡಿ ತೆರೆದು ಕೂತಿದ್ದಾಗ ಇಬ್ಬರು ಬಂದರು. ಹೆಗಲ ಮೇಲೆ ಕಂಬಳಿ ಹಾಕಿದ್ದ ಹಿರಿಯ, ಹಿಂದೆ ಇಪ್ಪತ್ತೆರಡು ಇಪ್ಪತ್ಮೂರರ ಒಬ್ಬ ಹೆಣ್ಣುಮಗಳು. ಬೋನಾಳ ಕಡೆಯ ಕುರಿಗಾರ ಬೀರಪ್ಪ, ಆತನ ಮಗಳು ಮಾಳಮ್ಮ.

"ಯವ್ವಾ, ನಮ್ಮ ಹುಡುಗಿ ಲಗ್ನದ ಪಿಕ್ಚರ್ ಹಿಡಿದಿದ್ರು ನಿಮ್ಮ ಯಜಮಾನ್ರು. ಅದು ನಮಗ ಬೇಕಾಗೈತಿ."

"ಆವಾಗ ಕೊಟ್ಟಿರಬೇಕಲ್ರಿ?"

"ಗಂಡನ ಮನಿಯಾಗ ಐತ್ರಿ. ಅವರು ಕೊಡಾಂಗಿಲ್ಲ," ಎಂದಳು ಮಾಳಮ್ಮ. ಆಮೇಲೆ ಒಂದೊಂದಾಗಿ ಹೇಳಿದಳು. ಅಳಲಿಲ್ಲ, ಅತ್ತು ಮುಗಿಸಿದವರ ಧ್ವನಿಯಲ್ಲಿ ಹೇಳಿದಳು. ಗಂಡ ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಕಾಲುವೆ ಗೇಟು ನೋಡುವ ಕೆಲಸದವನು. ಮದುವೆಯಾಗಿ ಹನ್ನೊಂದು ತಿಂಗಳಿಗೆ ಸುರಪುರದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಅನುಕಂಪದ ನೌಕರಿ ಹೆಂಡತಿಗೆ ಬರಬೇಕು. ಆದರೆ ಮೈದುನ, ಗಂಡನ ತಮ್ಮ, ತನಗೆ ಬೇಕೆಂದು ತಕರಾರು ಅರ್ಜಿ ಹಾಕಿದ್ದ.

"ನನ್ನ ಗಂಡ ಆಫೀಸಿನ ಕಾಗದದಾಗ ಹೆಂಡತಿ ಹೆಸರು ಶೋಭಾ ಅಂತ ಬರಸ್ಯಾರ್ರಿ. ಅಕ್ಕ್ಯಾಗ ಇಟ್ಟ ಹೆಸರು ಅದು. ನನ್ನ ಆಧಾರದಾಗ, ಸಾಲಿ ಸರ್ಟಿಫಿಕೇಟಿನಾಗ ಮಾಳಮ್ಮ. ನಮ್ಮ ಮೈದುನ ಏನಂತಾನಂದ್ರ, ಶೋಭಾ ಅನ್ನಾಕಿ ಬ್ಯಾರೆ, ಆಕಿ ಬಿಟ್ಟು ಹೋಗ್ಯಾಳ, ಈ ಮಾಳಮ್ಮ ಮನ್ಯಾಗ ಕೆಲಸಕ್ಕಿದ್ದಾಕಿ ಅಂತ."

"ಥೂ! ಅವನ ಬಾಯಾಗ ಹುಳ ಬೀಳ್ಲಿ!" ಎಂದರು ಹಿಂದೆ ಹೂ ಕಟ್ಟುತ್ತ ಕೂತಿದ್ದ ಅತ್ತೆ.

"ರಿಜಿಸ್ಟರ್ ಮಾಡಿಸಿರಲಿಲ್ಲೇನು?"

"ಊರಮಂದಿ ಎದುರಿಗೆ ಲಗ್ನಾದ ಮ್ಯಾಲ ಯಾರು ಬರಸ್ತಾರ್ರೀ," ಎಂದ ಬೀರಪ್ಪ. "ಈಗ ಆಫೀಸಿನ್ಯಾಗ ಎರಡೂ ಕಡೀ ಮಂದಿ ಮಾತು ಕೇಳಿ ಕೇಳಿ ಅವರಿಗೂ ಸಾಕಾಗೈತಿ. ಕಣ್ಣಿಗೆ ಕಾಣೂವಂಥಾದ್ದು ಏನರ ತರ್ರಿ ಅಂದಾರ. ಸ್ವಾಮಾರ ಕೊನೀ ದಿನ. ಅಳಿಯ ಹೋಗಿ ವರ್ಷ ತುಂಬತೈತಿ."

ನಾನು ಎದೆ ತಟ್ಟಿಕೊಂಡು ಹೇಳಿದೆ: "ನೀವೇನೂ ಚಿಂತಿ ಮಾಡಬ್ಯಾಡ್ರಿ. ನಾಳಿ ಕರೆಂಟ್ ಬರ್ತದ. ನಾ ಕೊಡ್ತೀನಿ. ಎರಡೆರಡು ಡಿಸ್ಕಿನಾಗ ಅದ." ಆ ಹೆಮ್ಮೆ ನೆನೆದರೆ ಈಗಲೂ ನನಗೇ ಕಪಾಳಕ್ಕೆ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಗುರುವಾರ ಕರೆಂಟ್ ಬಂತು. ಅವರಿಬ್ಬರೂ ಬೆಳಿಗ್ಗೆಯೇ ಬಂದು ಬೆಂಚಿನ ಮೇಲೆ ಕೂತಿದ್ದರು. ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಎಂದಿನ ಚಿತ್ರ ಬರುವ ಬದಲು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡಿ, ಒಂದು ಸಾಲಿನ ಹತ್ತಿರ ನಿಂತವು. ಎಂಡಿ ಸೊನ್ನೆಗಾಗಿ ಕಾಯುತ್ತಿದ್ದೇನೆ. ಒಂದೂವರೆ ನಿಮಿಷ ಕಾಯಿತು. ಸಿಗಲಿಲ್ಲ, ತುರ್ತು ಸ್ಥಿತಿಗೆ ಹೋಗುತ್ತೇನೆ, ಪಾಸ್‌ವರ್ಡ್ ಕೊಡು ಎಂದಿತು.

ಪಾಸ್‌ವರ್ಡ್ ಕೊಟ್ಟು ಒಳಗೆ ಹೋದೆ. ಡಿಸ್ಕುಗಳು ಇವೆಯೇ ಎಂದು ಕೇಳಿದೆ. ಇವೆ, ಎರಡೂ ಇವೆ, ಆರೋಗ್ಯವಾಗಿಯೂ ಇವೆ. ಹಾಗಾದರೆ ಜೋಡಿ ಎಲ್ಲಿ? ಎಂಡಿ ಸೊನ್ನೆ ಇಲ್ಲ. ಅದರ ಜಾಗದಲ್ಲಿ ನಾನು ಎಂದೂ ಕಟ್ಟದ, ಎಂದೂ ಕಾಣದ ಒಂದು ಜೋಡಿ ಕೂತಿತ್ತು. ಎಂಡಿ ನೂರಿಪ್ಪತ್ತೇಳು! ನಾನು ಕಟ್ಟಿದ್ದು ಒಂದೇ ಒಂದು, ಸೊನ್ನೆ. ನಡುವಿನ ನೂರಿಪ್ಪತ್ತಾರು ಎಲ್ಲಿ ಹೋದವು? ಇದು ಯಾರದು? ಸಿಡಿಲಿಗೆ ಡಿಸ್ಕಿನ ಒಳಗೆ ಏನಾದರೂ ಬದಲಾಯಿತೇ? ಯಾರಾದರೂ ಒಳಹೊಕ್ಕು ಏನಾದರೂ ಮಾಡಿದರೇ? ವೈರುಗಳನ್ನು ಕಿತ್ತು ಮತ್ತೆ ಚುಚ್ಚಿದೆ. ಅದೇ ನೂರಿಪ್ಪತ್ತೇಳು. ಡಿಸ್ಕುಗಳನ್ನು ಅದಲುಬದಲು ಮಾಡಿದೆ. ಅದೇ ನೂರಿಪ್ಪತ್ತೇಳು. ಡಿಸ್ಕಿನ ತಲೆಭಾಗದಲ್ಲಿ ಬರೆದಿರುವ ಗುರುತಿನ ಚೀಟಿಯನ್ನು ತೆರೆದು ಓದಿದೆ. ಹತ್ತಿಪ್ಪತ್ತು ಸಾಲುಗಳು, ಉದ್ದುದ್ದ ಅಂಕಿಗಳು. ಎಲ್ಲವೂ ಸರಿಯಾಗಿಯೇ ಕಂಡವು. ಎಲ್ಲವೂ ಸರಿ ಇದ್ದು ಸೊನ್ನೆ ಮಾತ್ರ ಇಲ್ಲ ಅಂದರೆ ಏನರ್ಥ?

"ಆತೇನ್ರಿ ಅಕ್ಕಾ?" ಎಂದಳು ಮಾಳಮ್ಮ.

"ಕರೆಂಟ್ ಸರಿ ಇಲ್ಲ ನೋಡವ್ವ, ನಾಡಿದ್ದು ಬಾ," ಎಂದೆ. ಸುಳ್ಳು. ತಲೆಯ ಮೇಲೆ ಫ್ಯಾನು ಗಾಳಿ ಹೊಡೆಯುತ್ತಲೇ ಇತ್ತು. ಬೀರಪ್ಪ ಅದನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ, ಕಂಬಳಿ ಕೊಡವಿ ಎದ್ದ.

ಅವರು ಹೋದ ಮೇಲೆ ನಮ್ಮನೆಯವರು ಮೆಲ್ಲಗೆ ಕೇಳಿದರು, "ಹಳೇ ಡಿಸ್ಕಿನಾಗ ಏನರ ಉಳದಿರ್ತದೇನು?" ಅಳಿಸಿದ್ದು ಅವರಿಗೂ ಗೊತ್ತು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಅದಕ್ಕೇ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಮಧ್ಯಾಹ್ನ ಊಟವನ್ನೂ ಬಿಟ್ಟೆ. ಮೊಬೈಲಿನಲ್ಲಿ ಹುಡುಕಿದರೆ ಒಬ್ಬ ಹೀಗೆ ಮಾಡು ಅಂತಾನೆ, ಇನ್ನೊಬ್ಬ ಹಾಗೆ ಮಾಡಿದರೆ ಎಲ್ಲ ಹೋಗುತ್ತದೆ ಅಂತಾನೆ. ಹತ್ತು ಜನರ ಮಾತು ಓದಿದ ಮೇಲೆ ನನಗೆ ಮೊದಲು ಗೊತ್ತಿದ್ದದ್ದೂ ಗೊತ್ತಿಲ್ಲದಂತಾಯಿತು.

ಶುಕ್ರವಾರ ಯಾದಗಿರಿಯಿಂದ ಖಾಜಾಭಾಯಿ ಬಂದರು. ನಾನು ಕ್ಲಾಸಿನಲ್ಲಿ ಕಲಿಸುತ್ತಿದ್ದಾಗ ಅಲ್ಲಿಯ ಯಂತ್ರಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವರು, ಕೈಗುಣ ಒಳ್ಳೆಯದೆಂದು ಹೆಸರಾದವರು. ಚಹಾ ಕುಡಿದು, ಕನ್ನಡಕ ಏರಿಸಿ, ಪರದೆಯನ್ನು ಬಹಳ ಹೊತ್ತು ನೋಡಿದರು.

"ಬೆಹನ್, ಇದು ಯಾವುದೋ ಹಳೇ ಕಸ, ಕಚರಾ ಅದ. ಡಿಸ್ಕ್ ಮೊದಲ ಬ್ಯಾರೆ ಯಾವುದರಾಗೋ ಇತ್ತೇನು?"

"ಇಲ್ಲ ಭಾಯಿ, ಹೊಸಾವು ತಂದಿದ್ದೆ."

"ಮತ್ತ ನೂರಿಪ್ಪತ್ತೇಳು ಎಲ್ಲಿಂದ ಬಂತು? ಛೋಡೋ. ಇದನ್ನ ಬಿಚ್ಚೋಣ, ಹೊಸ್ದಾಗಿ ಸೊನ್ನಿ ಕಟ್ಟೋಣ. ಹತ್ತು ಮಿನಿಟಿನ ಕೆಲಸ."

"ಒಳಗಿಂದು?"

"ಅಲ್ಲಾ ಮನಸ್ಸು ಮಾಡಿದ್ರ ಇರ್ತದ."

ಅವರು ಟೈಪ್ ಮಾಡಿದರು. ಯಂತ್ರ ಒಂದು ಪ್ರಶ್ನೆ ಕೇಳಿತು. ಈ ಡಿಸ್ಕುಗಳು ಆಗಲೇ ಯಾವುದೋ ಜೋಡಿಗೆ ಸೇರಿದಂತಿವೆ, ಆದರೂ ಹೊಸದಾಗಿ ಕಟ್ಟಲೇ? ಖಾಜಾಭಾಯಿಯ ಬೆರಳು ಹೌದು ಎನ್ನುವ ಗುಂಡಿಯ ಮೇಲೆ ಇತ್ತು. ಏನಾಯಿತೋ, ನಾನು ಅವರ ಕೈ ಹಿಡಿದುಬಿಟ್ಟೆ. ಹಿರಿಯರ ಕೈ, ಹಾಗೆ ಹಿಡಿಯಬಾರದಿತ್ತು.

"ಬ್ಯಾಡ ಭಾಯಿ. ಯಾರೋ ಒಳಗ ಅದಾರ ಅಂತ ಅದೇ ಹೇಳಾಕತ್ತದ."

"ಯಾರು ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ," ಎಂದರು ಅವರು. ಬೇಸರವಾಯಿತು ಅವರಿಗೆ, ಆದರೂ ಇಲ್ಲ ಎಂದು ಉತ್ತರ ಕೊಟ್ಟು ಎದ್ದರು. "ನೀ ತಿಳದಾಕಿ. ನಿನಗ ಧೈರ್ಯ ಬಂದಾಗ ಫೋನ್ ಮಾಡು." ಬಸ್ಸಿಗೆ ಹೋದರು. ನಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯದೆ ಕೂತೆ. ಇದ್ದ ಒಂದೇ ದಾರಿಗೂ ನಾನೇ ಕಲ್ಲು ಹಾಕಿಕೊಂಡೆನೇ ಎಂದು ಹೆದರಿಕೆಯಾಯಿತು.

ಶನಿವಾರ ಮಳೆ ಸ್ವಲ್ಪ ಬಿಟ್ಟಿತ್ತು. ತಂದೆ ಮಗಳು ಮತ್ತೆ ಬಂದರು. ಇನ್ನು ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ಕಾಕಾ, ನಾನು ನಿಮಗ ಕರೆಂಟ್ ಸರಿ ಇಲ್ಲ ಅಂದಿದ್ದು ಸುಳ್ಳು. ನಿಮ್ಮ ಮಗಳ ಲಗ್ನ ಇದರೊಳಗ ಇಟ್ಟಿದ್ದೆ. ಈಗ ಕಾಣವಲ್ದು."

ಮಾಳಮ್ಮ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೀರಪ್ಪ ಯಂತ್ರದ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು ಅದನ್ನು ನೋಡಿದ.

"ಒಳಗ ಐತೋ ಇಲ್ಲೋ ಅದನ್ನ ಹೇಳವ್ವ."

"ಅದೇ ತಿಳಿವಲ್ದು ಕಾಕಾ. ನಾ ಇಟ್ಟಿದ್ದು ಕಾಣವಲ್ದು. ಅದರ ಜಾಗಾದಾಗ ಬ್ಯಾರೇದೊಂದು ಬಂದು ಕುಂತದ. ಅದು ಯಾರ್ದು ಅಂತ ಗೊತ್ತಿಲ್ಲ."

"ಬ್ಯಾರೇದು ಅಂತ ಹೆಂಗಂತಿ? ಕಿವಿ ನೋಡಿಯೇನು?"

ನನಗೆ ಅರ್ಥವಾಗಲಿಲ್ಲ. ಬೀರಪ್ಪ ತನ್ನ ಕಿವಿಯ ಹಾಲೆಯನ್ನು ಹಿಡಿದು ತೋರಿಸಿದ. "ಅಡವ್ಯಾಗ ನಾಕು ಹಿಂಡು ಕೂಡಿ ಹ್ವಾದ್ವಂದ್ರ ಬಣ್ಣಾ ನೋಡಿ ಹೇಳಾಕ ಆಗಂಗಿಲ್ಲ. ಮರಿ ಇದ್ದಾಗ ಕಿವಿ ಕೊಯ್ದಿರ್ತೀವಿ. ಒಬ್ಬೊಬ್ಬರ ಮನೀದು ಒಂದೊಂದು ಥರ. ಯಾರ ಹಿಂಡಿನ್ಯಾಗ ಇದ್ರೂ, ಕಿವಿ ನೋಡಿದ್ರ ಯಾರ ಮನ್ಯಾಗ ಹುಟ್ಟೈತಿ ಅಂತ ಗೊತ್ತಾಗತೈತಿ. ಇದಕ್ಕ ಅಂಥಾದ್ದೇನಿಲ್ಲೇನು?"

"ಅದ. ನೋಡೀನಿ ಕಾಕಾ. ಎಲ್ಲಾ ಸರಿ ಅದ."

"ಇನ್ನೊಮ್ಮೆ ನೋಡವ್ವ."

ಹಿರಿಯನ ಸಮಾಧಾನಕ್ಕಾದರೂ ಇರಲಿ ಎಂದು ಗುರುತಿನ ಚೀಟಿಯನ್ನು ಮತ್ತೆ ತೆರೆದೆ. ಈ ಸಲ ಬೆರಳಿಟ್ಟು ಗಟ್ಟಿಯಾಗಿ ಓದುತ್ತ ಹೋದೆ, ಅವರಿಬ್ಬರಿಗೂ ಕೇಳಿಸಲಿ ಎಂದು. ಜೋಡಿಯ ವಿಧ ಇಂಥದ್ದು. ಕಟ್ಟಿದ ದಿನ ಇಂಥದ್ದು. ಹೆಸರು, ರಾಮಸಮುದ್ರ, ಸೊನ್ನೆ.

"ರಾಮಸಮುದ್ರ ಯಾರ್ರೀ?" ಎಂದಳು ಮಾಳಮ್ಮ.

"ನನ್ನ ತವರಮನಿ..." ಎಂದವಳು ಅಲ್ಲಿಯೇ ನಿಂತೆ. ಪರದೆಯ ಕೆಳಗೆ, ನಾನು ಟೈಪ್ ಮಾಡುವ ಜಾಗದಲ್ಲಿ ಮಿನುಗುತ್ತಿದ್ದ ಹೆಸರು ಲಕ್ಷ್ಮಿ.

ಗುರುವಾರವೂ ನಾನು ಆ ಸಾಲನ್ನು ಓದಿದ್ದೆ. ರಾಮಸಮುದ್ರ ಎಂದರೆ ನನಗೆ ಅದು ನಾನೇ. ಅದರಲ್ಲಿ ಬೇರೆಯದೇನಿದೆ ಅನಿಸಿರಲೇ ಇಲ್ಲ. ಬೇರೆ ಊರಿನ ಯಾರು ನೋಡಿದ್ದರೂ ಒಂದು ಕ್ಷಣದಲ್ಲಿ ಹಿಡಿಯುತ್ತಿದ್ದರು. ಜೋಡಿ ಕಟ್ಟಿದಾಗ ಲಿನಕ್ಸ್ ಡಿಸ್ಕುಗಳ ಮೇಲೆ ಯಂತ್ರದ ಅಂದಿನ ಹೆಸರನ್ನೂ ಬರೆದಿಡುತ್ತದೆ. ಚಾಲೂ ಆಗುವಾಗ ಆ ಹೆಸರೂ ಯಂತ್ರದ ಈಗಿನ ಹೆಸರೂ ಒಂದೇ ಆಗಿದ್ದರೆ, ನಮ್ಮದು ಎಂದು ಸೊನ್ನೆಯ ಜಾಗದಲ್ಲಿ ಕೂಡಿಸುತ್ತದೆ. ಇಲ್ಲದಿದ್ದರೆ, ಇದು ಯಾರದೋ ಮನೆಯದು ಇರಬೇಕು ಎಂದು ಎಲ್ಲರಿಗಿಂತ ಹಿಂದೆ, ನೂರಿಪ್ಪತ್ತೇಳರ ಜಾಗದಲ್ಲಿ ಕೂಡಿಸುತ್ತದೆ. ಯಂತ್ರದ ಕಾಗದದಲ್ಲಿ, ಅಂದರೆ ಚಾಲೂ ಆಗುವಾಗ ಅದು ಓದುವ ಕಡತದಲ್ಲಿ, ಈ ಜೋಡಿ ನಮ್ಮದೇ, ಹೆಸರು ಏನೇ ಇರಲಿ ಎಂದು ನಾನು ಒಂದು ಸಾಲು ಬರೆದಿಟ್ಟಿದ್ದರೆ ಸಾಕಾಗಿತ್ತು. ಬರೆದಿರಲಿಲ್ಲ. ತಾನಾಗಿಯೇ ನಡೆಯುತ್ತಿದೆಯಲ್ಲ, ಬರೆಯುವುದೇಕೆ ಎಂದು ಬಿಟ್ಟಿದ್ದೆ. ಶ್ರಾವಣದಲ್ಲಿ ನಗುತ್ತ ಮಾಡಿದ ಕೆಲಸ ಭಾದ್ರಪದದಲ್ಲಿ, ಮೊದಲ ಸಲ ಆರಿ ಹೊತ್ತಿದಾಗ, ಎದುರಿಗೆ ಬಂದು ನಿಂತಿತ್ತು.

"ಮಾಳವ್ವಾ," ಎಂದೆ, "ಇದು ಬ್ಯಾರೇದಲ್ಲ. ಇದು ಅದೇ. ಹೆಸರು ಬದಲಿ ಮಾಡಿದ್ದಕ್ಕ ಗುರ್ತು ಹತ್ತವಲ್ದಾಗಿತ್ತು."

ಆಕೆ ನನ್ನನ್ನು ನೋಡಿದಳು. "ನಂದೂ ಅಷ್ಟ ಅಲ್ರೀ ಅಕ್ಕಾ," ಎಂದಳು. ಬುಧವಾರ ಆಕೆ ಇದನ್ನೇ ನನ್ನ ಎದುರಿಗೆ ಕೂತು ಒಂದಕ್ಷರ ಬಿಡದೆ ಹೇಳಿದ್ದಳು.

ಏನನ್ನೂ ಬರೆಯಬೇಡ, ಬರೀ ಓದು ಎಂದು ಯಂತ್ರಕ್ಕೆ ಹೇಳಿ ನೂರಿಪ್ಪತ್ತೇಳನ್ನು ತೆರೆದೆ. ಒಂದೇ ಸಾಲಿನ ಕೆಲಸ. ಎಲ್ಲ ಮದುವೆಗಳೂ ಸಾಲಾಗಿ ಕಂಡವು, ಇಟ್ಟದ್ದು ಇಟ್ಟಲ್ಲಿಯೇ. ಅತ್ತೆ "ಯಪ್ಪಾ ಶಿವನೇ" ಎಂದು ಅಲ್ಲಿಯೇ ಕುಸಿದು ಕೂತರು. ನಾನು ಅತ್ತೆನೋ ನಕ್ಕೆನೋ ನೆನಪಿಲ್ಲ. ನಮ್ಮನೆಯವರು ಹೇಳುವಂತೆ ಎರಡನ್ನೂ ಮಾಡಿದೆನಂತೆ.

ಬೋನಾಳದ ಮದುವೆಯನ್ನು ಹಾಕಿದೆವು. ಅರಿಶಿನ, ಸುರಗಿ ಸ್ನಾನ, ತಾಳಿ, ಎಲ್ಲ ಸರಿಯಾಗಿ ಬಂತು. ಅಕ್ಕಿ ತಟ್ಟೆ ಬಂತು. ಹುಡುಗ ಉಂಗುರ ತೆಗೆದ. ಅಷ್ಟರಲ್ಲಿ ಕ್ಯಾಮೆರಾ ಗರ್ರನೆ ತಿರುಗಿ, ಪೆಂಡಾಲಿಗೆ ಬರುತ್ತಿದ್ದ ಯಾರೋ ಹಿರಿಯರ ರುಮಾಲಿನ ಮೇಲೆ ನಿಂತಿತು. ನಾನು ನಮ್ಮನೆಯವರ ಕಡೆ ತಿರುಗಿದೆ.

"ದೊಡ್ಡವರು ಬಂದ್ರ ಅವರನ್ನ ಹಿಡಿಬೇಕಲ್ಲ," ಎಂದರು ನೆಲ ನೋಡುತ್ತ.

"ನಿಮ್ಮ ದೊಡ್ಡವರಿಗೆ ಬೆಂಕಿ ಹಚ್ಚ!" ಎಂದೆ. ಇಷ್ಟೆಲ್ಲ ಮಾಡಿ, ಬೇಕಾದ ಒಂದು ಗಳಿಗೆಯೇ ಇಲ್ಲ! ರುಮಾಲಿನವರು ಕೈ ಮುಗಿದರು, ಕೂತರು, ನೀರು ಕುಡಿದರು. ಕ್ಯಾಮೆರಾ ಅವರನ್ನು ಬಿಡಲೊಲ್ಲದು. ಆಮೇಲೆ, ಯಾರೋ "ಇಲ್ಲಿ ಹಿಡೀರಿ, ಇಲ್ಲಿ!" ಎಂದು ಕೂಗಿದರು. ಕ್ಯಾಮೆರಾ ತಿರುಗಿತು. ಅಕ್ಕಿ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಕ್ಯಾಮೆರಾಕ್ಕೆ ಹಿಡಿದು, ಹಲ್ಲು ಕಿಸಿದು ನಿಂತಿದ್ದ ಒಬ್ಬ ಹುಡುಗ.

"ನಮ್ಮ ಮೈದುನ," ಎಂದಳು ಮಾಳಮ್ಮ.

ಅಕ್ಕಿಯಲ್ಲಿ ಬರೆದದ್ದು ಸ್ವಚ್ಛವಾಗಿ ಕಾಣುತ್ತಿತ್ತು. ಅದನ್ನು ಅವನೇ ಊರಿಗೆಲ್ಲ ಕೇಳುವಂತೆ ಓದಿದ. "ಮಾಳಮ್ಮ ಇದ್ದಾಕಿ ಇವತ್ತಿನಿಂದ ಶೋಭಾ! ನಮ್ಮಣ್ಣನ ಹೆಂಡತಿ, ನಮ್ಮ ವೈನಿ!" ಮಂದಿ ಕೇಕೆ ಹಾಕಿದರು.

ಬೀರಪ್ಪ ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡ. ವಿಡಿಯೊ ಮುಂದೆ ಓಡುತ್ತಲೇ ಇತ್ತು. ಮದುಮಗ ಮದುಮಗಳ ಕಡೆ ಬಾಗಿ ಏನೋ ಹೇಳಿದ, ಆಕೆ ತಲೆ ತಗ್ಗಿಸಿ ನಕ್ಕಳು.

"ಇನ್ನೊಮ್ಮೆ ಹಾಕ್ರಿ ಅಕ್ಕಾ."

ನಾನು ಹಿಂದಕ್ಕೆ ಹೋಗಿ ಮೈದುನ ತಟ್ಟೆ ಎತ್ತುವಲ್ಲಿಂದ ಹಾಕಿದೆ. "ಅದಲ್ರೀ," ಎಂದಳು, "ಅದರ ಮುಂದಿಂದು." ಧ್ವನಿ ಏರಿಸಿದೆ. ಗದ್ದಲದ ನಡುವೆ ಸಣ್ಣಗೆ ಕೇಳಿಸಿತು. "ಬರಿ ಅಂದ್ರು, ಬರದೀನಿ. ನಾ ಮಾತ್ರ ನಿನಗ ಮಾಳೂ ಅಂತನ ಕರಿಯಾಂವ." ಆಕೆ ಮೂರು ಸಲ ಹಾಕಿಸಿ ಕೇಳಿದಳು. ಆಗ ಅತ್ತಳು. ನಾವೆಲ್ಲ ಬೇರೆ ಬೇರೆ ಕಡೆ ನೋಡುತ್ತ ನಿಂತೆವು.

ಸೋಮವಾರ ಅವರು ಪೆನ್‌ಡ್ರೈವ್ ತೆಗೆದುಕೊಂಡು ಕ್ಯಾಂಪಿಗೆ ಹೋದರು. ಮೈದುನನನ್ನೂ ಕರೆಸಿ, ಅವನ ಎದುರಿಗೇ ಹಾಕಿ ತೋರಿಸಿದರಂತೆ. ಅವನು ಪೂರ್ತಿ ನೋಡದೆ ಎದ್ದು ಹೋದನಂತೆ, ಆ ವಾರವೇ ಅರ್ಜಿಯನ್ನು ವಾಪಸ್ ತೆಗೆದುಕೊಂಡನಂತೆ. ನೌಕರಿ ಕೈಗೆ ಬರಲು ಮತ್ತೂ ಒಂದು ಮಳೆಗಾಲ ಹಿಡಿಯಿತು. ಈಗ ಭೀಮರಾಯನಗುಡಿಗೆ ಹೋದಾಗ ಕಾಣುತ್ತಾಳೆ. ಆಫೀಸಿನವರು ಶೋಭಾ ಮೇಡಂ ಎನ್ನುತ್ತಾರೆ. ನಾನು ಮಾಳವ್ವಾ ಎಂದು ಕೂಗಿದರೆ ಮಾತ್ರ ಓಡಿ ಬರುತ್ತಾಳೆ.

ಖಾಜಾಭಾಯಿಗೆ ಫೋನ್ ಮಾಡಿ ಎಲ್ಲ ಹೇಳಿ, ಕೈ ಹಿಡಿದದ್ದಕ್ಕೆ ಮಾಫಿ ಕೇಳಿದೆ. "ಹಿಡಿದಿದ್ದೇ ಛಲೋ ಆತು, ಇಲ್ಲಾಂದ್ರ ಆ ಪಾಪ ನನ್ನ ತಲಿ ಮ್ಯಾಲ ಇರ್ತಿತ್ತು," ಎಂದರು. ಯಂತ್ರದ ಹೆಸರನ್ನು ಲಕ್ಷ್ಮಿ ಎಂದೇ ಬಿಟ್ಟಿದ್ದೇನೆ, ಅತ್ತೆಯ ಮೇಲಿನ ಮರ್ಯಾದೆಗೆ. ಆದರೆ ಈ ಜೋಡಿ ರಾಮಸಮುದ್ರದಲ್ಲಿ ಹುಟ್ಟಿದ್ದು, ನಮ್ಮದೇ, ಸೊನ್ನೆಯ ಜಾಗದಲ್ಲಿ ಕೂಡಿಸು ಎಂದು ಯಂತ್ರದ ಕಾಗದದಲ್ಲಿ ಬರೆದಿಟ್ಟಿದ್ದೇನೆ. ಹೊರಗೆ ಇನ್ನೊಂದು ಡಿಸ್ಕಿನಲ್ಲಿ ಎಲ್ಲದರ ಪ್ರತಿಯನ್ನೂ ಇಟ್ಟಿದ್ದೇನೆ, ಅದೇ ಬಿಸ್ಕಿಟಿನ ಡಬ್ಬಿಯಲ್ಲಿ.

ಇಷ್ಟನ್ನು ಯಾದಗಿರಿಯ ಪೆಂಡಾಲಿನಲ್ಲಿ ನಿಂತು ಯಾರಿಗೆ ಹೇಳಲಿ? ಮದುಮಗನ ಕೈಯಲ್ಲಿ ಉಂಗುರ ಹಾಗೇ ಇತ್ತು. ನಾನು ಮದುಮಗಳ ಕಡೆ ಬಾಗಿದೆ.

"ಇವರು ಬರಿಯೂದಕ್ಕಿಂತ ಮೊದಲ ನಿನ್ನ ಹೆಸರು ಹೇಳವ್ವ. ಕ್ಯಾಮೆರಾ ಕಡಿ ನೋಡಿ ಹೇಳು."

ಹುಡುಗಿ ನಾಚಿ ನೆಲ ನೋಡಿದಳು. ಬೀಗರ ಹೆಂಗಸು ಮತ್ತೆ ಏನೋ ಗೊಣಗಿದರು. "ಈರಮ್ಮ," ಎಂದಳು ಹುಡುಗಿ, ತುಟಿ ಅಲ್ಲಾಡಿದ್ದಷ್ಟೇ ಕಂಡಿತು.

"ಕೇಳಲಿಲ್ಲ."

ಆಕೆ ತಲೆ ಎತ್ತಿದಳು. "ನಾನು ಈರಮ್ಮ," ಎಂದಳು. ಈ ಸಲ ಹಿಂದೆ ಊಟದ ಪಂಕ್ತಿಯಲ್ಲಿದ್ದವರೂ ತಿರುಗಿ ನೋಡಿದರು. ನಮ್ಮನೆಯವರು ಕ್ಯಾಮೆರಾದ ಹಿಂದಿನಿಂದ ಕೈ ಎತ್ತಿದರು, ಸಿಕ್ಕಿತು ಎಂದು.

"ಈಗ ಬರಿಯಪ್ಪ," ಎಂದು ನಾನು ಪಕ್ಕಕ್ಕೆ ಸರಿದೆ.